ಹಾಲಿನ ಫ್ಯಾಟ್ ಅಳೀತೀವಿ, ನಮ್ಮ ಶುಗರ್ ಅಳೆಯಲ್ಲ

ನಮ್ಮೂರ ಡೈರಿಯಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಜಗಳ ಇದ್ದದ್ದೇ. ನಿನ್ನೆ 3.8 ಬಂದಿದ್ದ ಫ್ಯಾಟು ಇವತ್ತು 3.5 ಯಾಕೆ ಬಂತು? ಮಿಷನ್ ಸರಿಯಿಲ್ಲ, ಇನ್ನೊಂದು ಸಲ ಹಾಕು. ಹಾಲು ಸರಿಯಾಗಿ ಕಲಕಿಲ್ಲ, ಮತ್ತೆ ತೆಗಿ. ಕಾರ್ಯದರ್ಶಿಗೆ ಬೆಳಗಿನ ಕಾಫಿಗಿಂತ ಮೊದಲು ಸಿಗುವುದು ಬೈಗುಳ. ಇದರಲ್ಲಿ ತಪ್ಪೇನಿಲ್ಲ. ಪಾಯಿಂಟ್ ಇಳಿದರೆ ಬಟವಾಡೆಯಲ್ಲಿ ದುಡ್ಡೂ ಇಳಿಯುತ್ತದೆ. ಹಸುವಿನ ಹಾಲನ್ನು ದಿನಕ್ಕೆ ಎರಡು ಸಲ ಅಳೆಯುವ ಜನ ನಾವು. ಹೊಲದ ಮಣ್ಣು ಕೊಟ್ಟು ಕಾರ್ಡ್ ಮಾಡಿಸಿದ್ದೇವೆ. ಬೋರ್‌ವೆಲ್‌ನಲ್ಲಿ ಎಷ್ಟು ಇಂಚು ನೀರು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇವೆ.

ಹೋದ ತಿಂಗಳು ಅದೇ ಸಾಲಿನಲ್ಲಿ ನಿಂತವರಿಗೆ ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಶುಗರ್ ಎಷ್ಟಿದೆ?"

ಇಪ್ಪತ್ತು ಜನರಿದ್ದರು. ನಂಬರ್ ಹೇಳಿದವರು ಮೂವರು. ಅದರಲ್ಲಿ ಇಬ್ಬರು ಹೇಳಿದ್ದು ಹಿಂದಿನ ವರ್ಷದ ನಂಬರು. ಉಳಿದವರ ಉತ್ತರ ನಿಮಗೂ ಗೊತ್ತಿರುವಂಥದ್ದೇ. "ಗೇಯೋ ಜೀವಕ್ಕೆ ಎಲ್ಲಿಯ ಶುಗರ್ ಬಿಡಣ್ಣ." "ಅದು ಕೂತ್ಕಂಡು ತಿನ್ನೋರ ಕಾಯಿಲೆ." "ಟೆಸ್ಟ್ ಮಾಡ್ಸಿ ಇಲ್ದಿರೋ ಕಾಯಿಲೆ ಯಾಕೆ ತಂದ್ಕಬೇಕು?"

ಹೀಗೆ ಹೇಳಿದವರಲ್ಲಿ ಐದಾರು ಮಂದಿಯ ಮನೆಯಲ್ಲಿ 'ಶುಗರ್ ಪುಡಿ'ಯ ಡಬ್ಬಿ ಇರುವುದು ನನಗೆ ಗೊತ್ತು. ಯಾಕೆ ಗೊತ್ತು ಅಂದರೆ, ಆ ಪುಡಿಯ ಜಾಹೀರಾತನ್ನು ನಮ್ಮ ತಾಲ್ಲೂಕಿಗೆ ತಂದವನು ನಾನೇ.

ನನ್ನ ಪಾಲು ಎಷ್ಟು

ನಾನು ಜಿಲ್ಲಾ ಮಟ್ಟದ ಸ್ಟ್ರಿಂಜರ್. ಸಂಬಳ ಇಲ್ಲ, ಸುದ್ದಿಗಿಷ್ಟು ಅಂತ ಬರುತ್ತದೆ. ಪೆಟ್ರೋಲ್ ಖರ್ಚು ಗಿಟ್ಟಬೇಕು ಅಂದರೆ ಜಾಹೀರಾತು ತರಬೇಕು. ಈ ಬಳಗದಲ್ಲಿ ಬರೆಯುವ ಅರ್ಧ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷದ ಹಿಂದೆ ದೀಪಾವಳಿ ವಿಶೇಷ ಪುರವಣಿಗೆ ಒಬ್ಬ ಪುಡಿ ಏಜೆಂಟ್ ಕಾಲು ಪುಟದ ಜಾಹೀರಾತು ಕೊಟ್ಟ. '90 ದಿನದಲ್ಲಿ ಶುಗರ್ ಮಾಯ, ಮಾತ್ರೆಗೆ ವಿದಾಯ.' ಜೊತೆಗೆ ಸುದ್ದಿಯ ಹಾಗೆ ಕಾಣುವ ಎರಡು ಕಾಲಂ ಬರಹವೂ ಬೇಕು ಅಂದ. ಬರೆದುಕೊಟ್ಟೆ. ನನ್ನ ಕೈಗೆ ಬಂದ ಕಮಿಷನ್ 2,250 ರೂಪಾಯಿ.

ಆ ತುಣುಕನ್ನು ಕತ್ತರಿಸಿ ಕ್ಯಾಲೆಂಡರಿಗೆ ಪಿನ್ನು ಹಾಕಿ ಇಟ್ಟುಕೊಂಡವರು ನಮ್ಮ ದೊಡ್ಡಪ್ಪ. ಆರು ವರ್ಷದಿಂದ ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗುತ್ತಿದ್ದರು. ಡಬ್ಬಿ ಬಂದ ಮೇಲೆ ಮಾತ್ರೆ ಬಿಟ್ಟರು. ಒಂದು ಡಬ್ಬಿಗೆ 1,490 ರೂಪಾಯಿ, ನಾಲ್ಕು ತಿಂಗಳಿಗೆ ನಾಲ್ಕು ಡಬ್ಬಿ. ಆ ನಾಲ್ಕು ತಿಂಗಳಲ್ಲಿ ಒಂದು ಸಲವೂ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಬೇಕಿಲ್ಲ ಅಂತ ಏಜೆಂಟೇ ಹೇಳಿದ್ದನಂತೆ. ಬೇಸಾಯಕ್ಕೆ ಹೋದಾಗ ಕಾಲಿಗೆ ಜಾಲಿ ಮುಳ್ಳು ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಶುಗರ್ ಏರಿ ಏರಿ ಪಾದದ ನರ ಮಂಕಾಗಿತ್ತು. ಗಾಯ ಕೊಳೆತು ವಾಸನೆ ಬಂದಾಗ ದೊಡ್ಡಮ್ಮ ನೋಡಿದರು. ಆಸ್ಪತ್ರೆಗೆ ಹೋದ ದಿನ ಶುಗರ್ 412. ಬಲಗಾಲಿನ ಹೆಬ್ಬೆರಳು ಹೋಯಿತು.

ವಾರ್ಡಿನಲ್ಲಿ ನಾನು ತಲೆ ತಗ್ಗಿಸಿ ಕೂತಿದ್ದಾಗ ಅವರು ಅಂದದ್ದು ಇಷ್ಟೇ. "ನಿನ್ನನ್ನೇನು ಬೈಯಲ್ಲ ಬಿಡು ಮಗ. ಪೇಪರ್ನಾಗೆ ಬಂದಿತ್ತಲ್ಲ ಅಂತ ನಂಬ್ದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕಾನೂನು ಇದೆ, ನಾವೇ ಓದಿದ್ದೇವೆ

1954ರಷ್ಟು ಹಿಂದೆಯೇ ನಮ್ಮ ದೇಶದಲ್ಲಿ ಒಂದು ಕಾಯ್ದೆ ಬಂದಿದೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಇಂತಿಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವ ಹಾಗೇ ಇಲ್ಲ ಅಂತ ಅದರಲ್ಲಿ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಮಧುಮೇಹವೂ ಇದೆ. ಮೊದಲ ಸಲ ತಪ್ಪು ಸಾಬೀತಾದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಕಾಯ್ದೆ ಹಿಡಿಯುವುದು ಪುಡಿ ಮಾಡಿದವನನ್ನು ಮಾತ್ರ ಅಲ್ಲ. ಆ ಜಾಹೀರಾತಿನ ಪ್ರಕಟಣೆಯಲ್ಲಿ ಪಾಲುಗೊಂಡ ಯಾರನ್ನಾದರೂ ಹಿಡಿಯುತ್ತದೆ. ಅಂದರೆ ನನ್ನನ್ನೂ.

ಡಿಪ್ಲೊಮಾದ ಮಾಧ್ಯಮ ಕಾನೂನು ಪೇಪರಿಗೆ ಇದನ್ನು ಓದಿ ಪಾಸಾಗಿದ್ದೆ. ಕಮಿಷನ್ ಎಣಿಸುವಾಗ ನೆನಪಾಗಲಿಲ್ಲ.

ಡಬ್ಬಿಯ ಇನ್ನೊಂದು ಜಾಣತನ ನೋಡಿ. ಮುಂದುಗಡೆ ದೊಡ್ಡಕ್ಷರದಲ್ಲಿ ಶುಗರ್ ಅಂತ ಇರುತ್ತದೆ. ಹಿಂದುಗಡೆ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ 'ಇದು ಔಷಧವಾಗಿ ಬಳಸಲು ಅಲ್ಲ' ಅಂತ ಇರುತ್ತದೆ. ಸಪ್ಲಿಮೆಂಟ್ ಅಂತ ಲೈಸೆನ್ಸ್ ಪಡೆದು ಮಾರುವ ಯಾವುದೇ ಪದಾರ್ಥದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಆ ಮಾತು ಇರಲೇಬೇಕು. ಬಾಯಲ್ಲಿ ಔಷಧಿ ಅಂತ ಮಾರುತ್ತಾನೆ, ಕಾಗದದಲ್ಲಿ ಔಷಧಿ ಅಲ್ಲ ಅಂತ ಬರೆದಿರುತ್ತಾನೆ. ನಾಳೆ ಕೇಸು ಬಿದ್ದರೆ ಅವನನ್ನು ಕಾಯುವುದು ಆ ಹಿಂದುಗಡೆಯ ಸಾಲು. ನಿಮ್ಮ ಡಬ್ಬಿ ತಿರುಗಿಸಿ, ಮನೆಯ ಓದುವ ಹುಡುಗರ ಕೈಲಿ ಓದಿಸಿ.

ಒಳಗೇನಿದೆ? ದೊಡ್ಡಪ್ಪನ ಡಬ್ಬಿಯ ಮೇಲೆ ಇದ್ದದ್ದು ಮೆಂತ್ಯ, ನೇರಳೆ ಬೀಜ, ಹಾಗಲಕಾಯಿ, ಅಮೃತಬಳ್ಳಿ. ಮೆಂತ್ಯದಲ್ಲಿ ನಾರಿದೆ, ಊಟದ ಜೊತೆ ತಿಂದರೆ ಒಳ್ಳೆಯದೇ. ಆದರೆ ಅದು ಸಂತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಮತ್ತು ಅದು ಮಾತ್ರೆಯ ಜಾಗ ತುಂಬುವುದಿಲ್ಲ. ಇನ್ನು ಕೆಲವು ಪುಡಿ ತಿಂದರೆ ನಿಜಕ್ಕೂ ಶುಗರ್ ದಬಕ್ಕನೆ ಇಳಿಯುತ್ತದೆ. ಹಾಗಾದರೆ ಇನ್ನೂ ಹೆದರಬೇಕು. ಗಿಡಮೂಲಿಕೆ ಅಂತ ಮಾರಿದ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಅಲೋಪಥಿ ಮಾತ್ರೆಯನ್ನೇ ಕುಟ್ಟಿ ಬೆರೆಸಿದ್ದು ಹಲವು ದೇಶಗಳ ಲ್ಯಾಬ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಎಷ್ಟು ಬೆರೆಸಿದ್ದಾರೆ ಅಂತ ತಿನ್ನುವವನಿಗೆ ತಿಳಿಯುವುದಿಲ್ಲ. ಶುಗರ್ 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ, ಕಣ್ಣು ಕತ್ತಲೆ. ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ.

ನನ್ನ ಸಿಟ್ಟು ಆಯುರ್ವೇದದ ಮೇಲಲ್ಲ. ನಂಬರ್ ಕೇಳದೆ ಔಷಧಿ ಕೊಡುವವರ ಮೇಲೆ. 'ನಿಮ್ಮ ಶುಗರ್ ಎಷ್ಟಿದೆ, ರಿಪೋರ್ಟ್ ತೋರಿಸಿ' ಅಂತ ಕೇಳದೆ ಡಬ್ಬಿ ಕೈಗಿಡುವವನು ಪಂಡಿತನೂ ಅಲ್ಲ, ಡಾಕ್ಟರೂ ಅಲ್ಲ. ವ್ಯಾಪಾರಿ.

ಗೇಯೋ ಜೀವಕ್ಕೂ ಬರುತ್ತದೆ

ಈಗ ಡೈರಿ ಸಾಲಿನ ಮಾತಿಗೆ ಬರೋಣ. ಇದು ಪೇಟೆಯವರ ಕಾಯಿಲೆ ಅಂತ ತಾನೇ? ಐಸಿಎಂಆರ್ ದೇಶದ ಎಲ್ಲ ರಾಜ್ಯಗಳಲ್ಲಿ ಹಳ್ಳಿ-ಪೇಟೆ ಸೇರಿ 1,13,043 ಜನರನ್ನು ಪರೀಕ್ಷೆ ಮಾಡಿಸಿ 2023ರಲ್ಲಿ ಲೆಕ್ಕ ಕೊಟ್ಟಿತು. ಮಧುಮೇಹ ಇರುವವರು ಪೇಟೆಯಲ್ಲಿ ನೂರಕ್ಕೆ 16.4, ಹಳ್ಳಿಯಲ್ಲಿ 8.9. ಇಷ್ಟು ಓದಿ ನೆಮ್ಮದಿ ಪಡಬೇಡಿ. ಮಧುಮೇಹದ ಬಾಗಿಲಲ್ಲಿ ನಿಂತವರ ಲೆಕ್ಕವೂ ಅದರಲ್ಲಿದೆ. ಪೇಟೆಯಲ್ಲಿ ನೂರಕ್ಕೆ 15.4, ಹಳ್ಳಿಯಲ್ಲಿ 15.2. ಅಂದರೆ ಬಾಗಿಲಲ್ಲಿ ನಿಂತವರ ವಿಷಯದಲ್ಲಿ ಹಳ್ಳಿಗೂ ಪೇಟೆಗೂ ವ್ಯತ್ಯಾಸವೇ ಇಲ್ಲ. ಅವರು ಒಳಗೆ ಬಂದಾಗ ನಮ್ಮ ಹತ್ತಿರ ಪೇಟೆಯಷ್ಟು ಡಾಕ್ಟರೂ ಇರುವುದಿಲ್ಲ, ಲ್ಯಾಬೂ ಇರುವುದಿಲ್ಲ.

ಯಾಕೆ ಹೀಗಾಯಿತು? ನಮ್ಮ ತಾತ ನೇಗಿಲ ಹಿಂದೆ ದಿನಗಟ್ಟಲೆ ನಡೆದವರು. ನಾವು ಉಳುಮೆಗೆ ಟ್ರ್ಯಾಕ್ಟರ್ ಕರೆಸುತ್ತೇವೆ. ಅಜ್ಜಿ ಬಾವಿ ಸೇದಿದರು, ರಾಗಿ ಬೀಸಿದರು. ಈಗ ಮನೆ ಮುಂದೆ ನಲ್ಲಿ, ಮೂಲೆಯಲ್ಲಿ ಮಿಲ್ಲು. ಅರ್ಧ ಕಿಲೋಮೀಟರ್ ದೂರದ ತೋಟಕ್ಕೂ ಬೈಕು. ಇದೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಮೈ ಹಣ್ಣಾಗುವ ದುಡಿಮೆ ಯಾರಿಗೂ ಬೇಡ. ಆದರೆ ನೇಗಿಲು ಹೋಯಿತು, ನೇಗಿಲ ಕಾಲದ ಮುದ್ದೆ ಹಾಗೇ ಉಳಿಯಿತು. ಜೊತೆಗೆ ಮೂರು ಹೊತ್ತು ಅನ್ನ ಬಂತು, ದಿನಕ್ಕೆ ಐದು ಟೀ ಬಂತು, ಪಕ್ಕದಲ್ಲಿ ಬನ್ನು, ಬಿಸ್ಕತ್ತು.

ರಾಗಿಯ ಬಗ್ಗೆ ಒಂದು ಕಹಿ ಮಾತು

ನಮ್ಮ ಸೀಮೆಯಲ್ಲಿ ರಾಗಿಯನ್ನು ಬೈದರೆ ಊರು ಬಿಡಿಸುತ್ತಾರೆ. ನಾನು ಬೈಯುತ್ತಿಲ್ಲ. ರಾಗಿಯಲ್ಲಿ ಅಕ್ಕಿಗಿಂತ ನಾರು ಎಷ್ಟೋ ಹೆಚ್ಚು. ನೂರು ಗ್ರಾಂನಲ್ಲಿ 360 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶ ಇದೆ. ಆದರೆ ಅದೇ ನೂರು ಗ್ರಾಂನಲ್ಲಿ ಸುಮಾರು 67 ಗ್ರಾಂ ಪಿಷ್ಟವೂ ಇದೆ. ಪಿಷ್ಟ ಅಂದರೆ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುವಂಥದ್ದು. 'ಶುಗರ್‌ಗೆ ರಾಗಿ ಒಳ್ಳೇದು' ಅಂತ ಕೇಳಿ ಒಂದರ ಜಾಗದಲ್ಲಿ ಎರಡು ಮುದ್ದೆ ನುಂಗುವವರನ್ನು ನಾನು ಕಂಡಿದ್ದೇನೆ.

ಐಸಿಎಂಆರ್‌ನ ಅದೇ ಅಧ್ಯಯನದವರು 2025ರಲ್ಲಿ ನಮ್ಮ ದೇಶದ ಊಟದ ಲೆಕ್ಕ ಕೊಟ್ಟರು. ನಾವು ತಿನ್ನುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಬರುವುದು ಪಿಷ್ಟ ಮತ್ತು ಸಕ್ಕರೆಯಿಂದ. ಅಕ್ಕಿಯ ಬದಲು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಅಂತ ಬರೀ ಧಾನ್ಯ ಬದಲಿಸಿದರೆ ಮಧುಮೇಹದ ಅಪಾಯ ತಗ್ಗುವುದು ಕಾಣಲಿಲ್ಲ. ಧಾನ್ಯದ ಪಾಲು ಸ್ವಲ್ಪ ಇಳಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲು-ಮೊಸರಿನಂಥ ಪ್ರೋಟೀನ್ ತಂದುಕೊಂಡವರ ಲೆಕ್ಕದಲ್ಲಿ ಅಪಾಯ ಕಡಿಮೆ ಕಂಡಿತು.

ಇದಕ್ಕೆ ಪ್ರೋಟೀನ್ ಪೌಡರ್ ಕೊಳ್ಳಬೇಕಾಗಿಲ್ಲ. ಹುರುಳಿಯಲ್ಲಿ ನೂರು ಗ್ರಾಂಗೆ 21 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಇದೆ. ತೊಗರಿಬೇಳೆಯಲ್ಲೂ ಸುಮಾರು ಅಷ್ಟೇ. ಅವರೆ, ಅಲಸಂದೆ, ಕಡಲೆಕಾಯಿ ನಮ್ಮ ಹೊಲದಲ್ಲೇ ಬೆಳೆಯುತ್ತವೆ. ಮುದ್ದೆ ಅರ್ಧ ಮಾಡಿ, ಸಾರಿನ ನೀರಿನ ಬದಲು ಕಾಳು ಗಟ್ಟಿಯಾಗಿ ಹಾಕಿಸಿಕೊಳ್ಳಿ. ಸೊಪ್ಪಿನ ಪಲ್ಯ ಒಂದು ಹಿಡಿಯಲ್ಲ, ಒಂದು ಬಟ್ಟಲು. ತಿನ್ನುವವರು ಮೊಟ್ಟೆ ತಿನ್ನಿ. ಹಾಲನ್ನೆಲ್ಲ ಡೈರಿಗೆ ಹೊಯ್ದು ಮನೆಗೆ ಬರೀ ಟೀಗಷ್ಟೇ ಉಳಿಸಿಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಒಂದು ಲೋಟ ಮಜ್ಜಿಗೆಗಾದರೂ ಉಳಿಸಿ. ಮುಖ್ಯವಾಗಿ ಕಾಳು, ಮೊಟ್ಟೆ ಎಲ್ಲ ಗಂಡಸರ ತಟ್ಟೆಗೆ ಹೋಗಿ, ಕೊನೆಯಲ್ಲಿ ಕೂತ ಹೆಂಗಸರಿಗೆ ಉಳಿದ ಅನ್ನ, ತಿಳಿಸಾರು ಅನ್ನುವ ಪದ್ಧತಿ ನಿಲ್ಲಲಿ. ಶುಗರ್ ಅವರಿಗೂ ಬರುತ್ತದೆ. ಹೆಂಗಸರ ಕಾಯಿಲೆ ಗೊತ್ತಾಗುವುದು ಯಾವಾಗಲೂ ತಡವಾಗಿ.

ನಡಿಗೆಗೆ ಡಬ್ಬಿ ಇಲ್ಲ, ಅದಕ್ಕೇ ಜಾಹೀರಾತೂ ಇಲ್ಲ

ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಬಾಗಿಲಲ್ಲಿದ್ದ 531 ಜನರ ಮೇಲೆ ಒಂದು ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಮೂರು ವರ್ಷದಲ್ಲಿ, ವಿಶೇಷ ಸಲಹೆ ಇಲ್ಲದೆ ಹಾಗೇ ಬಿಟ್ಟ ಗುಂಪಿನಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ ತಿದ್ದಿಕೊಂಡು ನಡಿಗೆ ಹಿಡಿದ ಗುಂಪಿನಲ್ಲಿ ನೂರಕ್ಕೆ 39. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ನಡಿಗೆ ಮತ್ತು ಊಟ ಒಂದು ಮಾತ್ರೆಯಷ್ಟು ಕೆಲಸ ಮಾಡಿತು. ಇವರಾರೂ ಅಮೆರಿಕದವರಲ್ಲ. ನಮ್ಮ ಹಾಗೇ ಅನ್ನ-ಸಾರು ತಿನ್ನುವವರು.

ಇನ್ನೊಂದು ಪ್ರಯೋಗ ಕೇಳಿ. ಅಮೆರಿಕದಲ್ಲಿ 2,423 ಜನಕ್ಕೆ, ಅರ್ಧದವರಿಗೆ ದಿನಾ ವಿಟಮಿನ್ ಡಿ, ಉಳಿದವರಿಗೆ ಏನೂ ಇಲ್ಲದ ಗುಳಿಗೆ ಕೊಟ್ಟು ನೋಡಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ, ಮಧುಮೇಹ ತಡೆಯುವುದರಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಸಪ್ಲಿಮೆಂಟ್ ಎಲ್ಲವೂ ಮೋಸ ಅಂತ ಇದರ ಅರ್ಥವಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಡಿಮೆಯಾಗಬಹುದು. ಮೊಟ್ಟೆ-ಮಾಂಸ ತಿನ್ನದವರಿಗೆ ಇನ್ನೂ ಬೇಗ. ಕೈಕಾಲು ಜೋಮು ಹಿಡಿದರೆ ಡಾಕ್ಟರನ್ನು ಕೇಳಿ, ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ನುಂಗಿ. ಸಪ್ಲಿಮೆಂಟಿಗೂ ನಿಯಮ ಅದೇ. ಮೊದಲು ಅಳೆಯಬೇಕು, ಆಮೇಲೆ ಕೊಳ್ಳಬೇಕು.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕು. ಜೊತೆಗೆ ವಾರಕ್ಕೆ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ಅದು ಕೆಲಸವೇ. ರಾತ್ರಿ ಊಟವಾದ ತಕ್ಷಣ ಟಿ.ವಿ. ಮುಂದೆ ಕೂರುವ ಬದಲು ಹತ್ತು-ಹದಿನೈದು ನಿಮಿಷ ಬೀದಿ ಸುತ್ತಿದರೆ ಊಟದ ಮೇಲೆ ಏರುವ ಶುಗರ್ ಅಷ್ಟು ಏರುವುದಿಲ್ಲ. ಬರಿಗಾಲಲ್ಲಿ ಮಾತ್ರ ಬೇಡ. ದೊಡ್ಡಪ್ಪನ ಕಾಲು ನೆನಪಿಟ್ಟುಕೊಳ್ಳಿ. ಶುಗರ್ ಇರುವವರು ದಿನಾ ರಾತ್ರಿ ಪಾದ ತಿರುಗಿಸಿ ನೋಡಿಕೊಳ್ಳಿ.

ಅಳೆಯುವುದು ಹೇಗೆ

ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಬಾಗಿಲಲ್ಲಿ ನಿಂತ ಹಾಗೆ. 126 ಅಥವಾ ಹೆಚ್ಚು ಬಂದು, ಇನ್ನೊಂದು ದಿನದ ಪರೀಕ್ಷೆಯಲ್ಲೂ ಹಾಗೇ ಬಂದರೆ ಮಧುಮೇಹ. ಎಚ್‌ಬಿಎ1ಸಿ ಅಂತ ಇನ್ನೊಂದು ಪರೀಕ್ಷೆ ಇದೆ, ಜನ 'ಮೂರು ತಿಂಗಳ ಶುಗರ್' ಅನ್ನುತ್ತಾರೆ. ಅದು 6.5 ಅಥವಾ ಮೇಲಿದ್ದರೆ ಮಧುಮೇಹ. ಹಿಂದಿನ ದಿನ ಉಪವಾಸ ಮಾಡಿ ಡಾಕ್ಟರಿಗೆ ಚಳ್ಳೆಹಣ್ಣು ತಿನ್ನಿಸುವವರ ಆಟ ಇದರಲ್ಲಿ ನಡೆಯುವುದಿಲ್ಲ.

ಮನೆಯ ಮಿಷನ್‌ನಲ್ಲಿ ನೋಡುವಾಗ ಕೈ ಸೋಪಿನಲ್ಲಿ ತೊಳೆದು ಒಣಗಿಸಿ. ಬಾಳೆಹಣ್ಣು ಸುಲಿದ ಕೈಯಲ್ಲಿ ಚುಚ್ಚಿದರೆ ಮಿಷನ್ ಹಣ್ಣಿನ ಸಕ್ಕರೆಯನ್ನೂ ಲೆಕ್ಕ ಹಾಕುತ್ತದೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ಲ್ಯಾಬಿನ ಲೆಕ್ಕಕ್ಕೂ ಮಿಷನ್ ಲೆಕ್ಕಕ್ಕೂ ನೂರಕ್ಕೆ 15ರಷ್ಟು ಹೆಚ್ಚುಕಡಿಮೆ ಸಹಜ, ಹೌಹಾರಬೇಡಿ. ಒಂದು ದಿನದ ನಂಬರಿಗಿಂತ ನಾಲ್ಕು ವಾರದ ನಂಬರ್ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ. ಇನ್ಸುಲಿನ್ ತಗೊಳ್ಳುವವರು ಎಷ್ಟು ಸಲ ನೋಡಬೇಕು ಅಂತ ಡಾಕ್ಟರನ್ನೇ ಕೇಳಿ. ಉಳಿದವರು ದಿನಾ ಚುಚ್ಚಿಕೊಳ್ಳಬೇಕಾಗಿಲ್ಲ. ತೋಳಿಗೆ ಅಂಟಿಸಿ ದಿನವಿಡೀ ಶುಗರ್ ತೋರಿಸುವ ಸಾಧನದ ರೀಲ್ಸ್ ನೋಡಿ ಸಾವಿರಾರು ರೂಪಾಯಿ ಸುರಿಯಬೇಡಿ. ಕಾಯಿಲೆ ಇಲ್ಲದವರಿಗೆ ಅದರ ಅಗತ್ಯವಿಲ್ಲ.

ಲೆಕ್ಕ ಹಾಕಿ. ಒಂದು ಸ್ಟ್ರಿಪ್ ನಮ್ಮ ತಾಲ್ಲೂಕಿನ ಮೆಡಿಕಲ್ ಸ್ಟೋರಿನಲ್ಲಿ ಸುಮಾರು 20 ರೂಪಾಯಿ. ದೊಡ್ಡಪ್ಪನ ಒಂದು ಡಬ್ಬಿಯ ದುಡ್ಡಿಗೆ 70ಕ್ಕೂ ಹೆಚ್ಚು ಸ್ಟ್ರಿಪ್. ವಾರಕ್ಕೊಂದರಂತೆ ಒಂದು ವರ್ಷ ದಾಟುತ್ತದೆ.

'ಮಾತ್ರೆ ತಿಂದರೆ ಕಿಡ್ನಿ ಹೋಗುತ್ತೆ' ಅನ್ನುವ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಕಿಡ್ನಿ ಕೆಡಿಸುವುದು ವರ್ಷಗಟ್ಟಲೆ ಏರಿದ ಶುಗರ್ ಮತ್ತು ಬಿ.ಪಿ. ಕಿಡ್ನಿ ಮೊದಲೇ ಸೊರಗಿದ್ದರೆ ಡಾಕ್ಟರು ಮಾತ್ರೆಯ ಪ್ರಮಾಣ ಇಳಿಸುತ್ತಾರೆ, ಇಲ್ಲವೇ ಬದಲಿಸುತ್ತಾರೆ. ಅದಕ್ಕೂ ಪರೀಕ್ಷೆಯೇ ಬೇಕು. ನೀವಾಗಿ ನಿಲ್ಲಿಸಬೇಡಿ.

ಸರ್ಕಾರಕ್ಕೂ ಒಂದು ಮಾತು

30 ವರ್ಷ ದಾಟಿದ ಎಲ್ಲರಿಗೂ ಬಿ.ಪಿ., ಶುಗರ್ ತಪಾಸಣೆ ಸರ್ಕಾರದ್ದೇ ಕಾರ್ಯಕ್ರಮ. ಮನೆ ಮನೆಗೆ ಹೋಗಿ ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಯಿತು. ಕೇಳಲು ಚೆಂದ. ಆದರೆ ದೊಡ್ಡಮ್ಮನನ್ನು ಕರೆದುಕೊಂಡು ಒಂದು ಆರೋಗ್ಯ ಕೇಂದ್ರಕ್ಕೆ ಹೋದಾಗ ಸ್ಟ್ರಿಪ್ ಖಾಲಿ, ಗುರುವಾರ ಬನ್ನಿ ಅಂದರು. ಗುರುವಾರ ಹೋದರೆ ಸ್ಟ್ರಿಪ್ ಇತ್ತು, ಹಾಕುವವರು ಮೀಟಿಂಗಿಗೆ ಹೋಗಿದ್ದರು. ಎರಡು ದಿನದ ಕೂಲಿ ಹೋದ ಮೇಲೆ ಮೂರನೇ ಸಲ ಯಾರು ಬರುತ್ತಾರೆ? ಆ ಖಾಲಿ ಜಾಗಕ್ಕೇ ಪುಡಿ ಏಜೆಂಟ್ ಬೈಕ್ ಏರಿ ಬರುವುದು. ಅವನು ಮೀಟಿಂಗಿಗೆ ಹೋಗುವುದಿಲ್ಲ. ಅವನ ಡಬ್ಬಿ ಖಾಲಿಯಾಗುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ತಿಂಗಳಿಗೊಂದು ಬೆಳಿಗ್ಗೆ ಆಸ್ಪತ್ರೆಯೇ ಡೈರಿಗೆ ಬರಲಿ. ಊರಿನ ಅರ್ಧ ಜನ ಅಲ್ಲಿ ಸಾಲಾಗಿ ನಿಂತಿರುತ್ತಾರೆ. ಹಿಂದಿನ ದಿನವೇ ಹೇಳಿದರೆ ಕಾಫಿ ಕುಡಿಯದೆ ಬರುತ್ತಾರೆ. ಹಸು ಇಲ್ಲದ ಕೂಲಿ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಮುನ್ನಾದಿನ ತಿಳಿಸಲಿ. ಹಾಲಿನ ಸ್ಯಾಂಪಲ್ ಪಕ್ಕದಲ್ಲೇ ಬೆರಳಿನ ಒಂದು ಹನಿ ರಕ್ತ. ಆಶಾ ಅವರಿಗೆ ಆ ಬೆಳಗಿನ ದುಡಿಮೆಗೆ ದುಡ್ಡು ಕೊಡಬೇಕು, ಪುಕ್ಕಟೆ ಅಲ್ಲ. ಏರಿದ್ದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಚ್‌ಬಿಎ1ಸಿ ಆಗಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನು ಬರೆದು ಕೊಡುತ್ತೇನೆ. ನಿಮ್ಮೂರಿನಲ್ಲಿ ನೀವೂ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ಈ ಬಳಗದ ಸ್ಟ್ರಿಂಜರ್ ಗೆಳೆಯರಿಗೆ ಕೊನೆಯ ಮಾತು. ಈ ವರ್ಷದ ಯುಗಾದಿಗೂ ಅದೇ ಏಜೆಂಟ್ ಫೋನ್ ಮಾಡಿದ್ದ, ಈ ಸಲ ಅರ್ಧ ಪುಟ. ತರುವುದಿಲ್ಲ ಅಂದೆ. ಡೆಸ್ಕಿನವರಿಗೂ ಯಾಕೆ ಅಂತ ಹೇಳಿದೆ. ಆ ಜಾಹೀರಾತು ಪಕ್ಕದ ತಾಲ್ಲೂಕಿನವರ ಮೂಲಕ ಬಂದೇ ಬಂತು. ಆ ಪಕ್ಕದ ತಾಲ್ಲೂಕಿನವರು ಇದನ್ನು ಓದುತ್ತಿದ್ದರೆ, ನಿಮ್ಮ ಮೇಲೆ ನನಗೆ ಕೋಪವಿಲ್ಲ, ನಾನೂ ಅಲ್ಲೇ ನಿಂತಿದ್ದವನು. ಒಂದೇ ಕೇಳುವುದು. ನಿಮ್ಮ ಊರಲ್ಲಿ ಆ ತುಣುಕನ್ನು ಯಾರು ಕತ್ತರಿಸಿ ಇಟ್ಟುಕೊಂಡಿದ್ದಾರೆ ಅಂತ ಒಮ್ಮೆ ಹೋಗಿ ನೋಡಿ ಬನ್ನಿ.

ದೊಡ್ಡಪ್ಪ ಈಗ ಮಾತ್ರೆಗೆ ಮರಳಿದ್ದಾರೆ. ಚಪ್ಪಲಿ ಹಾಕದೆ ಹಿತ್ತಲಿಗೂ ಇಳಿಯುವುದಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ನಾನು ಅವರ ಬೆರಳು ಚುಚ್ಚುತ್ತೇನೆ. ಬಂದ ನಂಬರನ್ನು ಅವರೇ ಬರೆದುಕೊಳ್ಳುತ್ತಾರೆ, ಡೈರಿ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ. ಹೋದ ಸೋಮವಾರ 138 ಇತ್ತು. "ಇನ್ನೊಂದ್ಸಲ ಹಾಕು, ಮಿಷನ್ ಸರಿ ಇಲ್ಲ" ಅಂತ ಜಗಳ ತೆಗೆದರು.